ಒಳಗಿರುವುದರಲ್ಲಿ ಒಂದು ಅಕ್ಕನದು

ಜನವರಿ ೧೧

ಮೊಂಡ ತಮ್ಮನಿಗೆ,

ನಿನ್ನ ಕಾಗದ ಬಂತು. ನೀನು ನೋಡಿಕೊಳ್ಳುವ ಚರ್ಚಿನ ಸಮಾಧಿ ತೋಟದ ಗೇಟಿಗೆ ಹಸಿರು ಬಣ್ಣ ಹೊಡೆದದ್ದು, ಫಾದರ್ ಅವರಿಗೆ ಆ ಹಸಿರು ಹಿಡಿಸದೆ ಹೋದದ್ದು, ನೀನು ವಾದ ಮಾಡಿ ಗೆದ್ದದ್ದು, ಇಷ್ಟಕ್ಕೇ ಎರಡು ಪುಟ. ಕೊನೆಯಲ್ಲಿ 'ಕಾಲು ಸ್ವಲ್ಪ ಊದಿದೆ, ವಯಸ್ಸಾಯಿತಲ್ಲ' ಎಂದು ಒಂದು ಸಾಲು. ಐವತ್ತೆರಡಕ್ಕೇ ವಯಸ್ಸಾಯಿತು ಅನ್ನುವವನನ್ನು ನಾನು ನಂಬುತ್ತೇನೆ ಅಂದುಕೊಂಡೆಯಾ?

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಿನ್ನ ಕಾಗದಗಳನ್ನು ಲಕೋಟೆಗೆ ಹಾಕಿ ಅಂಟಿಸುವವಳು ನಿನ್ನ ಹೆಂಡತಿ. ಈ ಸಲ ಅವಳು ನಿನ್ನ ಎರಡು ಪುಟಗಳ ನಡುವೆ ತನ್ನದೊಂದು ಚೀಟಿ ಇಟ್ಟಿದ್ದಳು. 'ಅತ್ತಿಗೆ, ಇವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದಾರೆ. ನಾನು ಹೇಳ್ತಿಲ್ಲ, ಬರೀತಿದೀನಿ ಅಷ್ಟೆ.' ಅವಳನ್ನು ಬೈದರೆ ನಾನೇ ಬಂದು ನಿನ್ನ ಕಿವಿ ಹಿಂಡುತ್ತೇನೆ.

ಚೀಟಿ ಓದಿದಾಗ ನಾನು ಕೆಲಸದ ಕೋಣೆಯಲ್ಲಿದ್ದೆ. ಚರ್ಚಿನ ಬಲಿಪೂಜೆಯಲ್ಲಿ ಹಂಚುವ ತೆಳು ರೊಟ್ಟಿ ಬೇಯುತ್ತಿತ್ತು. ಹಿಟ್ಟು, ನೀರು, ಎರಡು ಕಾದ ಕಬ್ಬಿಣದ ಹಲಗೆ, ಅದರಲ್ಲಿ ಮತ್ತೇನಿದೆ. ಒಂದೂವರೆ ನಿಮಿಷಕ್ಕೆ ಹಲಗೆ ಎತ್ತಬೇಕು. ನಾನು ಎತ್ತಲಿಲ್ಲ. ಮಠದ ಮದರ್ ವಾಸನೆ ಹಿಡಿದು ಬಂದು, "ಏನಮ್ಮಾ, ಇವತ್ತು ರೊಟ್ಟಿ ಬಿಟ್ಟು ಇದ್ದಿಲು ಮಾಡ್ತಿದೀರಾ?" ಅಂದರು. ನಿಮ್ಮ ಭಾವ ಹೋದ ಮೇಲೆ ಹದಿನೆಂಟು ವರ್ಷ ಈ ಮಠದಲ್ಲಿ ರೊಟ್ಟಿ ಬೇಯಿಸಿದ್ದೇನೆ, ಸುಟ್ಟದ್ದು ಇದೇ ಮೊದಲು.

ಹಾಗಾಗಿ ಒಂದು ನಿರ್ಧಾರ ಮಾಡಿದ್ದೇನೆ. ನನ್ನಲ್ಲಿ ಎರಡಿವೆ, ಒಂದು ನಿನಗೆ. ಚಿಕ್ಕಂದಿನಿಂದ ನೀನು ನನ್ನಿಂದ ತೆಗೆದುಕೊಂಡು ಹೋದ ಯಾವುದನ್ನೂ ವಾಪಸ್ಸು ಕೊಟ್ಟವನಲ್ಲ. ಸೈಕಲ್ ಪಂಪು, ಕತ್ತರಿ, ನೀಲಿ ಮಳೆಕೋಟು. ಆ ಸಾಲಿಗೆ ಇದೂ ಸೇರಲಿ.

ಫೋನ್ ಮಾಡುವುದಿಲ್ಲ. ಮಾಡಿದರೆ ನೀನು "ಕೇಳಿಸ್ತಿಲ್ಲ ಅಕ್ಕಾ" ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ಅಕ್ಕ


ಜನವರಿ ೧೯

ಅಕ್ಕನಿಗೆ,

ಕಾಗದ ತಲುಪಿತು. ನನ್ನ ಹೆಂಡತಿಗೆ ಅಡುಗೆಗಿಂತ ಅಂಚೆ ಚೆನ್ನಾಗಿ ಬರುತ್ತದೆ ಎಂದು ಈಗ ತಿಳಿಯಿತು. ಬೈದಿಲ್ಲ.

ನೀನು ಸುಮ್ಮನೆ ಗಾಬರಿ ಮಾಡಿಕೊಂಡಿದ್ದೀಯ. ಡಯಾಲಿಸಿಸ್ ಎಂದರೆ ಅಂಥದ್ದೇನೂ ಅಲ್ಲ. ಕುರ್ಚಿಯಲ್ಲಿ ಕೂರಿಸುತ್ತಾರೆ, ಯಂತ್ರ ರಕ್ತವನ್ನು ಒಗೆದು ಕೊಡುತ್ತದೆ, ನಾಲ್ಕು ತಾಸು ಪೇಪರ್ ಓದಬಹುದು. ಪಕ್ಕದ ಕುರ್ಚಿಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿದ್ದಾರೆ, ಒಳ್ಳೆಯ ಮಾತುಗಾರ. ಬಾಳೆಹಣ್ಣು, ಆಲೂಗಡ್ಡೆ ತಿನ್ನುವಂತಿಲ್ಲ, ಅದೊಂದೇ ಕಷ್ಟ.

ನಿನ್ನ ಕಿಡ್ನಿ ನಿನ್ನಲ್ಲೇ ಇರಲಿ. ಆ ಮಾತು ಇಲ್ಲಿಗೆ ಬಿಡು. ಗೇಟು ಚೆನ್ನಾಗಿ ಒಣಗಿದೆ.

ತಮ್ಮ


ಜನವರಿ ೨೫

ತಮ್ಮನಿಗೆ,

'ಇಲ್ಲಿಗೆ ಬಿಡು' ಅಂದರೆ ಬಿಡುವ ಜಾಯಮಾನದವಳೇ ನಾನು? ಈ ವಾರ ಆಸ್ಪತ್ರೆಗೆ ಹೋಗಿ ಬಂದೆ. ನಿನ್ನ ಹೆಂಡತಿ ನಿನ್ನ ರಿಪೋರ್ಟುಗಳ ನಕಲು ಕಳಿಸಿದ್ದಳು, ನೀನು ಹೇಳಿದ್ದು ನಿಜ, ಅಂಚೆ ಅವಳಿಗೆ ಚೆನ್ನಾಗಿ ಬರುತ್ತದೆ. ನನ್ನ ತೋಳಿನಿಂದ ಏಳು ಪುಟ್ಟ ಸೀಸೆ ರಕ್ತ ತೆಗೆದರು. ಡಾಕ್ಟರಮ್ಮ ಎರಡೂ ಕಾಗದ ಪಕ್ಕಪಕ್ಕ ಇಟ್ಟು, "ಇಷ್ಟು ಚೆನ್ನಾಗಿ ಹೊಂದೋದು ಅಪರೂಪ ಕಣ್ರಿ. ನೀವಿಬ್ರೂ ಜಗಳ ಆಡ್ತೀರಾ?" ಅಂದರು. ಆಡುತ್ತೇವೆ ಅಂದೆ. "ಹಾಗಾದ್ರೆ ಸರಿ, ಒಡಹುಟ್ಟಿದವರೇ" ಅಂದರು.

ಈಗ ನಿನಗೇನು ಅಡ್ಡಿ? ಹೆಂಗಸಿನ ಕಿಡ್ನಿ ಎಂದು ನಾಚಿಕೆಯೇ? ಅಕ್ಕನ ಹಂಗಿನಲ್ಲಿ ಇರಬೇಕಾಗುತ್ತದೆ ಎಂದು ಬಿಂಕವೇ? ಅಮ್ಮ ಹೋಗುವಾಗ ನನ್ನ ಕೈ ಹಿಡಿದು ಅವನನ್ನು ನೋಡಿಕೋ ಅಂದಳಲ್ಲ, ಅದನ್ನು ತೀರಿಸಲು ಮಾಡುತ್ತಿದ್ದೇನೆ ಅಂದುಕೊಂಡಿದ್ದರೆ, ಅದೂ ಅಲ್ಲ. ಅಮ್ಮ ನೋಡಿಕೋ ಅಂದಳು, ಒಳಗಿನದನ್ನು ಬಿಚ್ಚಿಕೊಡು ಅನ್ನಲಿಲ್ಲ. ಇದು ನನ್ನ ಖುಷಿ.

ನೇರವಾಗಿ ಕಾರಣ ಬರೆ. ಗೇಟಿನ ವಿಷಯ ಬರೆದರೆ ಹರಿದು ಹಾಕುತ್ತೇನೆ.

ಅಕ್ಕ


ಫೆಬ್ರವರಿ ೬

ಅಕ್ಕನಿಗೆ,

ಸರಿ, ಬರೆಯುತ್ತೇನೆ. ಪೂರ್ತಿ ಓದಿದ ಮೇಲೆ ನಗು.

ನನ್ನ ಕೆಲಸ ನೀನು ಹತ್ತಿರದಿಂದ ನೋಡಿಲ್ಲ. ಇಲ್ಲಿ ಜಾಗ ಕಡಿಮೆ. ಹೂಳಿ ಹದಿನೈದು ವರ್ಷವಾದ ಮೇಲೆ ಸಮಾಧಿ ತೆರೆಯುತ್ತೇವೆ. ಉಳಿದ ಮೂಳೆಗಳನ್ನು ಎತ್ತಿ, ಮೆತ್ತನೆ ಬ್ರಷ್ಷಿನಿಂದ ಮಣ್ಣು ಒರೆಸಿ, ಮರದ ಪೆಟ್ಟಿಗೆಯಲ್ಲಿಟ್ಟು ಗೋಡೆಯ ಗೂಡಿಗೆ ಸೇರಿಸುತ್ತೇನೆ. ಪೆಟ್ಟಿಗೆಗೊಂದು ಸತುವಿನ ತಗಡು, ಅದರ ಮೇಲೆ ಮೊಳೆಯಿಂದ ಹೆಸರು ಕೊರೆಯುತ್ತೇನೆ. ದೊಡ್ಡ ಮೂಳೆ ಎತ್ತುವುದು ಯಾರಿಗೂ ಬರುತ್ತದೆ. ಬೆರಳಿನ ಮೂಳೆಗಳಿಗೆ ಮಣ್ಣನ್ನು ಜರಡಿ ಹಿಡಿಯಬೇಕು. ನಾನು ಹಿಡಿಯುತ್ತೇನೆ. ಒಂದು ಕಿರುಬೆರಳಿನ ತುದಿಗಾಗಿ ಇಡೀ ಮಧ್ಯಾಹ್ನ ಕೂತದ್ದುಂಟು.

ಯಾಕೆ ಎಂದರೆ, ನಾವು ಪ್ರತಿ ಭಾನುವಾರ ಬಾಯಿಬಿಟ್ಟು ಹೇಳುತ್ತೇವಲ್ಲ, ದೇಹ ಮತ್ತೆ ಏಳುತ್ತದೆ ಎಂದು. ಬೇರೆಯವರು ಹೇಳಿ ಮನೆಗೆ ಹೋಗುತ್ತಾರೆ. ನಾನು ಹೇಳಿ ಕೆಲಸಕ್ಕೆ ಹೋಗುತ್ತೇನೆ. ದೇವರಿಗೆ ಆತ್ಮ ಒಂದೇ ಸಾಕಾಗಿದ್ದರೆ ಈ ಕೈ, ಕಾಲು, ಬೆನ್ನು ಯಾಕೆ ಕೊಡುತ್ತಿದ್ದ? ಕಡೆಯ ದಿನ ಎಲ್ಲರೂ ಒಟ್ಟಿಗೇ ಎದ್ದಾಗ ನನ್ನ ಗೋಡೆಯ ಮುಂದೆ ನೂಕುನುಗ್ಗಲು ಆಗಬಾರದು. ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆ ತೆರೆದರೆ ತಮ್ಮದೇ ಸಿಗಬೇಕು. ಇಪ್ಪತ್ತೊಂಬತ್ತು ವರ್ಷದಿಂದ ನನಗಿರುವುದು ಒಂದೇ ನಿಯಮ, ಒಬ್ಬರದು ಇನ್ನೊಬ್ಬರ ಪೆಟ್ಟಿಗೆಗೆ ಹೋಗಕೂಡದು.

ನಾನೇ ನಿನ್ನದನ್ನು ಒಳಗಿಟ್ಟುಕೊಂಡು ಇಲ್ಲಿ ಮಲಗಿದರೆ? ನೀನು ಅಲ್ಲಿ, ಒಂದು ಹಗಲು ರೈಲಿನಷ್ಟು ದೂರದಲ್ಲಿ, ಅರೆಬರೆಯಾಗಿ ಎದ್ದು ಕೂರುತ್ತೀಯ. ಆಗ ನಾನು ನಿನ್ನ ಮುಖ ಹೇಗೆ ನೋಡಲಿ?

ಇದೇ ಕಾರಣ. ನಾಚಿಕೆಯೂ ಇಲ್ಲ, ಬಿಂಕವೂ ಇಲ್ಲ.

ತಮ್ಮ


ಫೆಬ್ರವರಿ ೧೨

ಅಯ್ಯೋ ನನ್ನ ದೊರೆ,

ಪೂರ್ತಿ ಓದಿದ ಮೇಲೇ ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮದರ್‌ಗೂ ಓದಿ ಹೇಳಿದೆ, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಒಂದೇ ಪ್ರಶ್ನೆ ಕೇಳುತ್ತೇನೆ. ಈ ಇಪ್ಪತ್ತೊಂಬತ್ತು ವರ್ಷದಲ್ಲಿ ನೀನು ಒಂದೇ ಒಂದು ಕಿಡ್ನಿಯನ್ನು ಬ್ರಷ್ಷಿನಿಂದ ಒರೆಸಿ ಪೆಟ್ಟಿಗೆಗೆ ಹಾಕಿದ್ದೀಯಾ? ಕಿಡ್ನಿ ಮೂಳೆಯಲ್ಲವೋ ಮಾರಾಯ. ಅದು ಮೊದಲ ವರ್ಷವೇ ಮಣ್ಣು. ನಿನ್ನ ಗೋಡೆಯಲ್ಲಿ ಇರುವವರಲ್ಲಿ ಯಾರಿಗೂ ಕಿಡ್ನಿ ಇಲ್ಲ, ಲಿವರ್ ಇಲ್ಲ, ಮೂಗಿನ ತುದಿಯೂ ಇಲ್ಲ. ಅವರಿಗೆಲ್ಲ ಹೊಸದಾಗಿ ಕೊಡುವವನು ನನಗೂ ಒಂದು ಕೊಟ್ಟಾನು. ಅಷ್ಟಕ್ಕೂ ನಿನ್ನ ಅಪೆಂಡಿಕ್ಸ್ ಎಲ್ಲಿ? ಹನ್ನೆರಡನೇ ವಯಸ್ಸಿನಲ್ಲಿ ತೆಗೆಸಿದ್ದು? ಅದಕ್ಕೂ ತಗಡು ಕೊರೆದಿದ್ದೀಯಾ?

ಇನ್ನೊಂದು. ಒಬ್ಬರದು ಇನ್ನೊಬ್ಬರಿಗೆ ಹೋಗಿಯೇ ಇಲ್ಲ ಎಂದು ಎದೆ ತಟ್ಟಿ ಹೇಳುತ್ತೀಯಲ್ಲ, ಅಷ್ಟು ಖಾತ್ರಿಯೇ? ಅಷ್ಟು ವರ್ಷದಲ್ಲಿ ಒಂದು ಬೆರಳೂ ಆ ಕಡೆ ಈ ಕಡೆ ಆಗಿಲ್ಲವೇ? ಮನೆಯಲ್ಲಿ ನಿನ್ನ ಕಾಲುಚೀಲವೇ ಜೋಡಿ ಸಿಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಆಪರೇಷನ್ ಮಾಡಬಹುದಂತೆ. ದಿನ ಗೊತ್ತು ಮಾಡಿ ತಿಳಿಸು.

ಅಕ್ಕ


ಮಾರ್ಚ್ ೩

ಅತ್ತಿಗೆಯವರಿಗೆ ನಮಸ್ಕಾರ.

ಈ ಸಲ ಲಕೋಟೆಯಲ್ಲಿ ನನ್ನ ಚೀಟಿ ಒಂದೇ ಇದೆ. ಇವರು ಏನೂ ಬರೆದಿಲ್ಲ. ನಿಮ್ಮ ಕಾಗದ ಓದುತ್ತಾ ಮೊದಲು ನಕ್ಕರು, ಅಪೆಂಡಿಕ್ಸ್ ಮಾತಿಗಂತೂ ಜೋರಾಗಿಯೇ ನಕ್ಕರು. ಆಮೇಲೆ ಕೊನೆಯ ಭಾಗಕ್ಕೆ ಬಂದಾಗ ಮುಖ ಬಿಳಿಚಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ತೋಟದ ಶೆಡ್ಡಿಗೆ ಹೋಗಿ ಕೂತರು. ಅವತ್ತಿನಿಂದ ಮಾತಿಲ್ಲ. ಕೇಳಿದರೆ "ಏನಿಲ್ಲ ಬಿಡೇ" ಅಂತಾರೆ.

ಹೋದ ವಾರ ಒಂದು ದಿನ ಡಯಾಲಿಸಿಸ್‌ಗೆ ಹೋಗಲಿಲ್ಲ. ಹೋದೆ ಎಂದು ನನಗೆ ಸುಳ್ಳು ಹೇಳಿದರು. ರೈಲ್ವೆ ಗಾರ್ಡ್ ಮನೆಗೆ ಬಂದು ಯಾಕೆ ಬರಲಿಲ್ಲ ಎಂದು ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಕೈಯ ರಕ್ತನಾಳವೂ ಕಟ್ಟಿಕೊಳ್ಳುತ್ತಿದೆಯಂತೆ. ಯಂತ್ರವನ್ನು ನಂಬಿ ಬಹಳ ದಿನ ತಳ್ಳೋಕಾಗಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ನೀವಿಬ್ಬರೂ ಏನು ಬರೆದುಕೊಂಡಿರಿ ಎಂದು ನಾನು ಕೇಳುವುದಿಲ್ಲ. ಆದರೆ ನೀವು ಬರೆದರೆ ಮಾತ್ರ ಓದುತ್ತಾರೆ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೬

ಪುಟ್ಟಾ,

ನಿನ್ನನ್ನು ಹೀಗೆ ಕರೆದು ಎಷ್ಟು ವರ್ಷವಾಯಿತೋ.

ನಿನ್ನ ಕೆಲಸವನ್ನು ನೋಡಿ ನಕ್ಕೆ, ತಪ್ಪಾಯಿತು. ನನ್ನ ಕೆಲಸವನ್ನು ನೋಡಿ ಯಾರಾದರೂ ಹಿಟ್ಟು ನೀರು ಅಷ್ಟೇ ತಾನೇ ಎಂದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ನಿನ್ನ ಬೆರಳು ಮೂಳೆ, ಜರಡಿ ಎಲ್ಲವನ್ನೂ ನಾನು ತಮಾಷೆ ಮಾಡಿದೆ. ಕಾಲುಚೀಲದ ಮಾತು ಬೇಡವಾಗಿತ್ತು.

ನಿನಗೆ ಹೇಳದೆ ಇದ್ದ ಒಂದು ಮಾತು ಈಗ ಹೇಳುತ್ತೇನೆ. ನನಗೂ ಭಯವಿದೆ. ಇಷ್ಟು ದಿನ ಜೋರು ಮಾಡಿದ್ದೆಲ್ಲ ಅದನ್ನು ಮುಚ್ಚಲಿಕ್ಕೆ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತದೆ, ಏಳು ಸೀಸೆ ರಕ್ತ ತೆಗೆಯುವಾಗ ನಾನು ನರ್ಸಿನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವಳೇ ಕೂಗಿದಳು. ಬಿ.ಪಿ. ಸ್ವಲ್ಪ ಹೆಚ್ಚಿದೆ ಎಂದರು, ಒಂದೂವರೆ ತಿಂಗಳಿಂದ ಉಪ್ಪು ಮುಟ್ಟಿಲ್ಲ. ಉಪ್ಪಿಲ್ಲದ ಸಾರು ಕುಡಿಯುತ್ತಾ ನಿನ್ನನ್ನು ಬೈದುಕೊಳ್ಳುತ್ತೇನೆ. ಬೈಯುವುದಕ್ಕೆ ನೀನು ಇರಬೇಕು ಕಣೋ. ಅಷ್ಟೇ ನನಗೆ ಬೇಕಾದದ್ದು.

ಏನು ಬೇಕಾದರೂ ಬರೆ. ಗೇಟಿನ ವಿಷಯ ಬರೆದರೂ ಸರಿ. ಡಯಾಲಿಸಿಸ್ ಮಾತ್ರ ತಪ್ಪಿಸಬೇಡ.

ಅಕ್ಕ


ಮಾರ್ಚ್ ೧೪

ಅಕ್ಕಾ,

ನೀನು ಕೇಳಿದ್ದು ಸರಿಯಾಗಿಯೇ ಇತ್ತು. ಖಾತ್ರಿಯೇ ಎಂದು ಕೇಳಿದೆ. ಇಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಊರಲ್ಲಿ ಛತ್ರಿ ರಿಪೇರಿ ಮಾಡುವವನು ಒಬ್ಬನಿದ್ದ. ಅವನಿಗೂ ಅವನ ಹೆಂಡತಿಗೂ ಸದಾ ಜಗಳ. ಅವನು ಸತ್ತು ಎರಡು ವರ್ಷಕ್ಕೆ ಅವಳೂ ಸತ್ತಳು. ಸಾಯುವುದಕ್ಕೆ ಸ್ವಲ್ಪ ಮುಂಚೆ ತಾನೇ ನಡೆದುಕೊಂಡು ನನ್ನ ಶೆಡ್ಡಿಗೆ ಬಂದು, "ನನ್ನನ್ನ ಅವನ ಪಕ್ಕ ಇಡ್ಬೇಡಪ್ಪಾ. ಆ ಬಾಯಿ ನಲವತ್ತು ವರ್ಷ ಕೇಳಿದೀನಿ, ಸಾಕು" ಅಂದಳು. ಆಯ್ತಮ್ಮಾ ಎಂದು ಮಾತು ಕೊಟ್ಟೆ. ಬೇರೆ ಬೇರೆ ಕಡೆ ಹೂಳಿದೆವು. ಕಾಲ ಬಂದಾಗ ಪೆಟ್ಟಿಗೆಗಳನ್ನೂ ಬೇರೆ ಬೇರೆ ಗೋಡೆಗೆ ಇಟ್ಟೆ, ಇವನು ಬಾಗಿಲ ಬಳಿ, ಅವಳು ಬಾವಿಯ ಬಳಿ.

ಹನ್ನೊಂದು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಎರಡೂ ಗೋಡೆ ಸೋರಿದವು. ನೆನೆದ ಪೆಟ್ಟಿಗೆಗಳನ್ನು ಒಣಗಿಸಲು ಶೆಡ್ಡಿಗೆ ತಂದೆ. ಹಲಗೆಯ ಮೇಲೆ ಇವೆರಡೂ ಅಕ್ಕಪಕ್ಕ ಬಂದವು, ನಾನು ನೋಡಲಿಲ್ಲ. ಹಲಗೆ ಮುರಿಯಿತು. ಇಬ್ಬರೂ ನೆಲದ ಮೇಲೆ ಒಂದಾದರು.

ಮೂರು ದಿನ ಕೂತೆ. ದೊಡ್ಡ ಮೂಳೆ ಬೇರೆ ಮಾಡಿದೆ, ಅವನು ಎತ್ತರ, ಅವಳು ಗಿಡ್ಡ. ಸಣ್ಣವು ಗೊತ್ತಾಗಲಿಲ್ಲ ಅಕ್ಕಾ. ಬೆರಳುಗಳು, ಪಾದದ ಮೂಳೆಗಳು. ಕಡೆಗೆ ಅಂದಾಜಿನ ಮೇಲೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಹಾಕಿ ಮುಚ್ಚಿದೆ. ತಗಡು ಬಡಿದೆ. ಯಾರಿಗೂ ಹೇಳಲಿಲ್ಲ. ಪಾಪನಿವೇದನೆಯಲ್ಲೂ ಬಾಯಿ ಬಿಡಲಿಲ್ಲ. ಅವರ ಮಗಳು ವರ್ಷಕ್ಕೊಮ್ಮೆ ಬಂದು ಬಾಗಿಲ ಬಳಿ ಒಂದು ಹೂಗೊಂಚಲು, ಬಾವಿಯ ಬಳಿ ಒಂದು ಹೂಗೊಂಚಲು ಇಡುತ್ತಾಳೆ. ಇಬ್ಬರನ್ನೂ ದೂರ ಇಟ್ಟದ್ದಕ್ಕೆ ಪ್ರತಿಸಲ ನನಗೆ ಥ್ಯಾಂಕ್ಸ್ ಹೇಳುತ್ತಾಳೆ. ಆ ದಿನ ನಾನು ಊಟ ಮಾಡುವುದಿಲ್ಲ.

ಕಡೆಯ ದಿನ ಆ ಹೆಂಗಸು ಎದ್ದು ನಿಂತು ತನ್ನ ಕೈ ನೋಡಿಕೊಂಡರೆ ಅದರಲ್ಲಿ ಗಂಡನ ಬೆರಳಿರುತ್ತದೆ. ನನ್ನನ್ನು ಕೇಳುತ್ತಾಳೆ. ಅವಳಿಗಿಂತ ಮೊದಲು ದೇವರು ಕೇಳುತ್ತಾನೆ. ನಿನಗೆ ಕೊಟ್ಟದ್ದು ಒಂದೇ ಕೆಲಸ, ಅದನ್ನೂ ಕೆಡಿಸಿದೆಯಲ್ಲ ಎಂದರೆ ನನಗೆ ಯಾವ ರಕ್ಷಣೆ? ನಿನ್ನ ಕಿಡ್ನಿ ಬೇಡ ಎಂದದ್ದು ನಿಯಮಕ್ಕಲ್ಲ, ಭಯಕ್ಕೆ. ಇನ್ನೊಂದು ಬೆರಕೆ ಮಾಡಿ ಹೋಗಲು ಧೈರ್ಯವಿಲ್ಲ.

ಡಯಾಲಿಸಿಸ್‌ಗೆ ಹೋಗುತ್ತಿದ್ದೇನೆ.

ತಮ್ಮ


ಮಾರ್ಚ್ ೧೯

ಪುಟ್ಟಾ,

ಮೊದಲು ಅತ್ತುಬಿಟ್ಟೆ. ಆಮೇಲೆ, ಸುಳ್ಳು ಯಾಕೆ ಹೇಳಲಿ, 'ಇಬ್ಬರೂ ನೆಲದ ಮೇಲೆ ಒಂದಾದರು' ಎನ್ನುವಲ್ಲಿ ನಗುವೂ ಬಂತು. ಈ ಸಲ ಮದರ್‌ಗೆ ಓದಿ ಹೇಳಿಲ್ಲ. ಹನ್ನೊಂದು ವರ್ಷ ಇದನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದೆಯಲ್ಲ, ಯಾರಾದರೂ ಸಿಕ್ಕರೆ ಗೇಟಿನ ಬಣ್ಣದ ಬಗ್ಗೆ ಮಾತಾಡಿಕೊಂಡು.

ನಾನು ಓದಿದವಳಲ್ಲ. ನನ್ನ ಕೋಣೆಯಲ್ಲಿ ಕಂಡದ್ದು ಹೇಳುತ್ತೇನೆ. ಬೆಂದ ರೊಟ್ಟಿಯ ಹಾಳೆಯನ್ನು ಹಾಗೆಯೇ ಕತ್ತರಿಸಿದರೆ ಚೂರುಚೂರಾಗುತ್ತದೆ. ಒಂದು ದಿನ ತೇವದ ಕಪಾಟಿನಲ್ಲಿಟ್ಟು ಮೆತ್ತಗೆ ಮಾಡಿ, ಆಮೇಲೆ ಗುಂಡಗೆ ಕತ್ತರಿಸುತ್ತೇನೆ. ಅಂಚು ಒಡೆದದ್ದನ್ನು ಒಂದೊಂದಾಗಿ ಆರಿಸಿ ತೆಗೆಯುತ್ತೇನೆ, ನಿನ್ನ ಜರಡಿಯ ಹಾಗೇ. ಇಷ್ಟೆಲ್ಲ ಜೋಪಾನ ಮಾಡಿ ಕಳಿಸಿದರೆ ಫಾದರ್ ಪೂಜೆಯಲ್ಲಿ ಮಾಡುವ ಕೆಲಸವೇನು? ಅದನ್ನು ಎತ್ತಿ ಹಿಡಿದು, ಎಲ್ಲರ ಮುಂದೆ ಮುರಿಯುತ್ತಾರೆ. ಶುರುವಿನಲ್ಲಿ ನನಗೆ ಜೀವ ಚುರ್ ಎನ್ನುತ್ತಿತ್ತು. ಮುರಿಯದೆ ಹಂಚಲಿಕ್ಕೆ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಯಾವ ಚೂರು ಯಾರ ಬಾಯಿಗೆ ಹೋಯಿತು ಎಂದು ಯಾರೂ ಬರೆದಿಡುವುದಿಲ್ಲ. ಕೊಟ್ಟವನು ವಾಪಸ್ಸು ಕೇಳಿದ್ದೂ ಇಲ್ಲ.

ನಾನು ಅರೆಬರೆಯಾಗಿ ಏಳುತ್ತೇನೆ ಅಂದೆಯಲ್ಲ. ಶಿಲುಬೆಗೇರಿದ ಪ್ರಭು ಮೂರನೆಯ ದಿನ ಎದ್ದು ಬಂದಾಗ ಗಾಯಗಳನ್ನು ಮುಚ್ಚಿಕೊಂಡು ಬಂದನೇ? ಕೈಯಲ್ಲಿ ತೂತು, ಪಕ್ಕೆಯಲ್ಲಿ ತೂತು, ಹಾಗೆಯೇ ಬಂದ. ಸಂದೇಹಪಟ್ಟ ಶಿಷ್ಯನಿಗೆ ಅವುಗಳನ್ನೇ ತೋರಿಸಿದ. ಅವನಿಗೇ ಅದು ಕೊರತೆ ಅನ್ನಿಸದಿದ್ದ ಮೇಲೆ ನನಗೇನು? ನನ್ನ ಪಕ್ಕೆಯಲ್ಲೂ ಒಂದು ಹೊಲಿಗೆ ಇರಲಿ. ಅಷ್ಟು ಜನರ ನಡುವೆ ನಿನಗೆ ಅಕ್ಕ ಯಾರೆಂದು ಗುರುತು ಸಿಗಬೇಡವೇ?

ಛತ್ರಿಯವನ ಮಗಳಿಗೆ ಹೇಳಿಬಿಡು. ಅವಳು ಬೈದರೆ ಬೈಸಿಕೋ. ಬೈಗುಳ ತಿಂದು ಸತ್ತವರಿಲ್ಲ. ಹಾಗಿದ್ದರೆ ನೀನು ನನ್ನ ಕೈಯಲ್ಲಿ ಎಂದೋ ಹೋಗಿರುತ್ತಿದ್ದೆ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಹೇಳಿದೆ.

ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯಲ್ಲಿ ಹೇಳುವುದು ಹೇಗೆ ಎಂದು ಬೀದಿಯಲ್ಲಿ ಕಾದೆ. ಕಾಲು ಊದಿತ್ತು, ನಿಲ್ಲಲಾಗದೆ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅವಳೇ ಹೊರಗೆ ಬಂದು ನೀರು ಕೊಟ್ಟಳು. ಮಳೆ, ಹಲಗೆ, ಮೂರು ದಿನ, ಅರ್ಧ ಇಲ್ಲಿ ಅರ್ಧ ಅಲ್ಲಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದೆ.

ಅವಳೂ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

"ಹಾಗಾದ್ರೆ ಅಪ್ಪನ ಕೈ ಅಮ್ಮನ ಹತ್ರ ಇದೆಯಾ?" ಅಂದಳು.

"ಸ್ವಲ್ಪ ಇದೆಯಮ್ಮಾ. ಎಷ್ಟು ಅಂತ ಗೊತ್ತಿಲ್ಲ."

"ಅಮ್ಮ ನಿಮ್ಮ ಹತ್ರ ಬಂದು ಹಾಗಂದಳಲ್ಲ, ಅದು ಸಿಟ್ಟಿಗೆ. ಅಪ್ಪ ಹೋದ ಮೇಲೆ ಎರಡು ವರ್ಷ ಅವರ ಹಳೇ ಕೋಟು ಹೊದ್ದು ಮಲಗ್ತಿದ್ದಳು. ತನ್ನನ್ನ ಬಿಟ್ಟು ಮುಂಚೆ ಹೋದ್ರು ಅಂತ ಸಿಟ್ಟು. ನನಗೆ ಗೊತ್ತಿತ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ, ನೀವು ಅಷ್ಟು ಶಿಸ್ತಿನವರು. ಅವಳು ಹೇಳಿದ್ದನ್ನ ಮೀರೋದು ಹೇಗೆ ಅಂತ ಎರಡು ಕಡೆ ಹೂವಿಟ್ಟು ಹೋಗ್ತಿದ್ದೆ."

ಅಂದರೆ ನೋಡು. ಹನ್ನೊಂದು ವರ್ಷ ನಾನು ಅವಳಿಗೆ ಹೆದರಿದೆ, ಅವಳು ನನಗೆ ಹೆದರಿದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು. ಗಿರಾಕಿಗಳು ನಮ್ಮನ್ನು ದಾಟಿಕೊಂಡು ಒಳಗೆ ಹೋದರು. ಮಾರನೆಯ ದಿನವೇ ಎರಡೂ ಪೆಟ್ಟಿಗೆಯನ್ನು ಬಾವಿಯ ಬಳಿ ಒಂದೇ ಗೂಡಿನಲ್ಲಿಟ್ಟೆ. ಒಂದೇ ತಗಡು, ಎರಡು ಹೆಸರು.

ಫಾದರ್ ಬಳಿ ಪಾಪನಿವೇದನೆಯನ್ನೂ ಮಾಡಿದೆ. ಎಲ್ಲ ಕೇಳಿ, ಯಾರ ಬೆರಳು ಯಾರದೆಂದು ಬಲ್ಲವನು ನೀನಲ್ಲ ಎಂದರು. ಪ್ರಾಯಶ್ಚಿತ್ತ ಕೊಟ್ಟರು. ಏನು ಗೊತ್ತೇ? ಗೇಟಿಗೆ ಬಿಳಿ ಬಣ್ಣ ಹೊಡೆಯಬೇಕು. ದೇವರ ಹೆಸರಿನಲ್ಲಿ ಆ ಮನುಷ್ಯ ಸೇಡು ತೀರಿಸಿಕೊಂಡರು.

ಹೊಡೆದಾಯಿತು. ಮೇ ಹನ್ನೆರಡಕ್ಕೆ ದಿನ ಕೊಟ್ಟಿದ್ದಾರೆ. ಬಾ ಅಕ್ಕಾ. ನನಗೆ ಬದುಕಬೇಕು ಅನ್ನಿಸುತ್ತಿದೆ, ಇದನ್ನು ಹೇಳಲು ಇಷ್ಟು ದಿನ ಬೇಕಾಯಿತು.

ತಮ್ಮ


ಏಪ್ರಿಲ್ ೯

ಪುಟ್ಟಾ,

ಮೇ ಮೂರರ ರೈಲಿಗೆ ಬರುತ್ತೇನೆ. ಪರೀಕ್ಷೆಗಳಿಗೆ ಒಂದು ವಾರ ಬೇಕಂತೆ. ರೊಟ್ಟಿ ಕತ್ತರಿಸಿ ಉಳಿದ ಅಂಚುಗಳನ್ನು ಒಂದು ಡಬ್ಬಿ ತುಂಬ ತರುತ್ತಿದ್ದೇನೆ. ಇನ್ನೂ ಪ್ರಸಾದವಾಗದ ಬರೀ ಹಿಟ್ಟು, ಬೇಕಾದಷ್ಟು ತಿನ್ನಬಹುದು, ಉಪ್ಪಿಲ್ಲ. ನಮ್ಮಿಬ್ಬರಿಗೂ ಸರಿಹೋಗುವ ತಿಂಡಿ ಇದೊಂದೇ.

ಮದರ್ ನಾನಿಲ್ಲದಾಗ ತಾವೇ ಹಲಗೆ ಎತ್ತುತ್ತಾರಂತೆ. ಮೊದಲ ದಿನದ ಅಭ್ಯಾಸದಲ್ಲಿ ಹದಿನಾಲ್ಕು ಹಾಳೆ ಸುಟ್ಟಿದ್ದಾರೆ. ನಾನು "ಏನು ಮದರ್, ಇದ್ದಿಲಾ?" ಎಂದು ಕೇಳುವ ಅವಕಾಶ ಬಿಡಲಿಲ್ಲ.

ಅಕ್ಕ


ಮೇ ೧೩, ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ, ನರ್ಸಿನ ಕೈಯಲ್ಲಿ

ನನಗೆ ಎಚ್ಚರವಾಗಿದೆ. ನೋವಿದೆ, ನಗಬಾರದಂತೆ, ಆದ್ದರಿಂದ ತಮಾಷೆ ಬರೆಯಬೇಡ. ನನ್ನದು ಅಲ್ಲಿ ಕೆಲಸ ಶುರುಮಾಡಿತೇ?

ಅಕ್ಕ


ಮೇ ೧೪, ನಾಲ್ಕರಿಂದ ಎರಡಕ್ಕೆ

ಇಲ್ಲ. ಸುಮ್ಮನೆ ಮಲಗಿದೆ. ಕೆಲವೊಮ್ಮೆ ಹೀಗೆ ತಡವಾಗುತ್ತದೆ, ಕಾಯಬೇಕು ಎನ್ನುತ್ತಾರೆ ಡಾಕ್ಟರು. ಮುಖ ಮಾತ್ರ ಹಾಗೆ ಹೇಳುತ್ತಿಲ್ಲ. ನನ್ನ ಹೆಂಡತಿ ಕಿಟಕಿ ಬಳಿ ಜಪಮಾಲೆ ಹಿಡಿದು ಕೂತಿದ್ದಾಳೆ. ನನಗೇನಾದರೂ ಆದರೆ, ನಿನ್ನದನ್ನು ವ್ಯರ್ಥ ಮಾಡಿದೆ ಎಂದುಕೊಳ್ಳಬೇಡ. ನೀನು ಕೊಟ್ಟೆಯಲ್ಲ, ಅಷ್ಟಕ್ಕೇ ನನ್ನ ಭಯ ಹೋಗಿದೆ.

ತಮ್ಮ


ಮೇ ೧೪, ಎರಡರಿಂದ ನಾಲ್ಕಕ್ಕೆ

ದೊಡ್ಡ ಮಾತೆಲ್ಲ ಬೇಡ. ಅದು ನನ್ನ ಕಿಡ್ನಿ, ಹೊಸ ಮನೆಯಲ್ಲಿ ಒಗ್ಗಿಕೊಳ್ಳಲು ಸಮಯ ಬೇಕು. ಮದುವೆಯಾದ ಹೊಸದರಲ್ಲಿ ನಾನೂ ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದೆ.

ಅಕ್ಕ


ಮೇ ೧೫, ನಾಲ್ಕರಿಂದ ಎರಡಕ್ಕೆ

ಅಕ್ಕಾ, ಎದ್ದಿತು. ಬೆಳಗ್ಗೆ ಎಂಟಕ್ಕೆ. ಚೀಲ ತುಂಬಿತು. ನರ್ಸ್ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು, ವಾರ್ಡಿನವರೆಲ್ಲ ಚಪ್ಪಾಳೆ ಹೊಡೆದರು. ಐವತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ, ಅದೂ ಉಚ್ಚೆ ಹೊಯ್ದದ್ದಕ್ಕೆ. ಫಾದರ್ ನೋಡಲು ಬಂದಿದ್ದರು. ಮೂರನೆಯ ದಿನ ಎದ್ದಿತು ನೋಡಿ ಫಾದರ್ ಎಂದೆ. ನಗಬಾರದು ಎಂದು ತುಟಿ ಕಚ್ಚಿಕೊಂಡು ನಕ್ಕರು.

ನನ್ನ ಹೆಂಡತಿ ಅಳುತ್ತಾ ಮೆಟ್ಟಿಲಿಳಿದು ನಿನ್ನ ಕಡೆಗೇ ಬರುತ್ತಿದ್ದಾಳೆ. ಗಾಬರಿಯಾಗಬೇಡ, ಸಂತೋಷಕ್ಕೆ.

ತಮ್ಮ


ಜುಲೈ ೨೦

ಅಕ್ಕನಿಗೆ,

ನೀನು ಊರು ತಲುಪಿ ಒಂದು ತಿಂಗಳಾಯಿತು. ನನ್ನ ಕಾಲು ಊದುವುದಿಲ್ಲ. ಬಾಳೆಹಣ್ಣು ತಿಂದೆ, ಎರಡು. ರೈಲ್ವೆ ಗಾರ್ಡಿಗೆ ಅವರ ಮಗಳೇ ಕೊಡಲು ಒಪ್ಪಿದ್ದಾಳೆ. ಅವರೂ ಬೇಡ ಎನ್ನುತ್ತಿದ್ದರು, ಕೂರಿಸಿಕೊಂಡು ನಿನ್ನ ರೊಟ್ಟಿಯ ಮಾತು ಹೇಳಿದೆ. ನನ್ನದೇ ಎಂಬಂತೆ ಹೇಳಿದೆ, ಬೈಯಬೇಡ.

ಇದರ ಜೊತೆ ಒಂದು ಕಟ್ಟು ಬರುತ್ತದೆ. ಅದರಲ್ಲಿ ನಿನ್ನ ನೀಲಿ ಮಳೆಕೋಟಿದೆ. ಮೂವತ್ತೊಂದು ವರ್ಷದ ಮೇಲೆ ವಾಪಸ್ಸು. ಸೈಕಲ್ ಪಂಪು ಸಿಗಲಿಲ್ಲ.

ಇನ್ನೊಂದು ವಿಷಯ. ನನ್ನ ಪೆಟ್ಟಿಗೆಗೆ ಈಗಲೇ ತಗಡು ಕೊರೆದು ಶೆಡ್ಡಿನಲ್ಲಿ ನೇತು ಹಾಕಿದ್ದೇನೆ. ಅವಸರವಿಲ್ಲ, ಆದರೆ ಬೇರೆಯವರ ಕೈಬರಹ ನನಗೆ ಹಿಡಿಸುವುದಿಲ್ಲ. ಹೆಸರಿನ ಕೆಳಗೆ ಹೀಗೆ ಬರೆದಿದ್ದೇನೆ: 'ಒಳಗಿರುವುದರಲ್ಲಿ ಒಂದು ಅಕ್ಕನದು. ಕೇಳಿದರೆ ಕೊಡುವುದು.' ಕಿಡ್ನಿ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಇರಲಿ.

ತಮ್ಮ


ಜುಲೈ ೨೮

ಪುಟ್ಟಾ,

ಕೋಟು ಬಂತು. ಮಠದ ಅಂಗಳದಲ್ಲೇ ತೊಟ್ಟು ನೋಡಿದೆ, ಇನ್ನೂ ಆಗುತ್ತದೆ, ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ಮೂರನೆಯ ಗುಂಡಿ ಇಲ್ಲ. ಅದನ್ನು ಎಲ್ಲಿ ಕಳೆದೆ ಎಂದು ಕೇಳುವುದಿಲ್ಲ. ಮದರ್ ಹೊಸ ಗುಂಡಿ ಹೊಲಿದು ಕೊಡುತ್ತೇನೆ ಎಂದರು, ಬೇಡ ಎಂದೆ. ಇದು ನನ್ನ ತಮ್ಮ ಮೂವತ್ತೊಂದು ವರ್ಷ ಇಟ್ಟುಕೊಂಡಿದ್ದ ಕೋಟು ಎಂದು ಆ ಜಾಗ ನೋಡಿದರೇ ಗೊತ್ತಾಗುತ್ತದೆ.

ತಗಡನ್ನು ಇನ್ನೊಮ್ಮೆ ಕೊರೆ. ಮೊದಲ ಸಾಲು ಇರಲಿ, ಅದು ಚೆನ್ನಾಗಿದೆ. 'ಕೇಳಿದರೆ ಕೊಡುವುದು' ಎನ್ನುವುದನ್ನು ಅಳಿಸಿಬಿಡು. ನಾನು ಕೇಳುವುದಿಲ್ಲ.

ಸೈಕಲ್ ಪಂಪು ಹುಡುಕು.

ಅಕ್ಕ